ಲೀಟರಿಗೂ ಕಿಲೋಗೂ ತಾಳೆಯಾಗದ ಐಸ್ ಲೆಕ್ಕ: ದೋಷ ನಿವಾರಣೆ ಕೈಪಿಡಿ

ಮಂಜೇಶ್ವರದಿಂದ ಕಾಸರಗೋಡು ಕಸಬಾದವರೆಗಿನ ಕರಾವಳಿಯಲ್ಲಿ ಐಸ್ ಎಂಬ ಸರಕು ಮೂರು ಬಗೆಯ ಅಳತೆಗೆ ಒಳಗಾಗುತ್ತದೆ. ಐಸ್ ಪ್ಲಾಂಟಿನಲ್ಲಿ ಅದು ಲೀಟರ್ ಲೆಕ್ಕದ ನೀರಾಗಿ ಅಚ್ಚಿನ ಡಬ್ಬಿಗೆ ಇಳಿಯುತ್ತದೆ. ಗಟ್ಟಿಯಾದ ಮೇಲೆ ಬ್ಲಾಕಿಗೆ ಇಷ್ಟು ಕಿಲೋ ಎಂದು ಮಾರಾಟವಾಗುತ್ತದೆ. ಪುಡಿಯಾಗಿ ದೋಣಿಗೆ ಏರುವ ಹೊತ್ತಿಗೆ ಪೆಟ್ಟಿಗೆ, ಬುಟ್ಟಿಗಳ ಲೆಕ್ಕಕ್ಕೆ ತಿರುಗುತ್ತದೆ. ಈ ಮೂರು ಕಡೆಯ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಂಕಿಗಳು ಹೊಂದುವುದಿಲ್ಲ. ಹೊಂದದಿದ್ದಾಗ ಮೊದಲ ಅನುಮಾನ ಬೀಳುವುದು ತಕ್ಕಡಿಯ ಮೇಲೆ, ಎರಡನೆಯದು ಮನುಷ್ಯರ ಮೇಲೆ. ಎರಡೂ ಅನುಮಾನಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಲೆಕ್ಕವನ್ನೇ ಪರೀಕ್ಷೆಗೆ ಒಡ್ಡುವ ಕ್ರಮವನ್ನು ಇಲ್ಲಿ ವಿವರಿಸಿದೆ. ಶಾಲೆಯ ಪ್ರಯೋಗಾಲಯದಲ್ಲಿ ಇದೇ ಬಗೆಯ ತೊಡಕು ಎದುರಾದವರಿಗೂ ಇದರ ಕೆಲವು ಭಾಗಗಳು ಉಪಯೋಗಕ್ಕೆ ಬರುತ್ತವೆ.

ವ್ಯತ್ಯಾಸ ಎಷ್ಟು ಎಂಬುದನ್ನು ಸರಿಯಾಗಿ ಓದಿಕೊಂಡರೆ ಕಾರಣ ಎಲ್ಲಿದೆ ಎಂಬುದು ಬಹುಮಟ್ಟಿಗೆ ಅದರಲ್ಲೇ ಗೊತ್ತಾಗುತ್ತದೆ. ಅರ್ಧ ಶೇಕಡಾದ ವ್ಯತ್ಯಾಸಕ್ಕೂ ಒಂಬತ್ತು ಶೇಕಡಾದ ವ್ಯತ್ಯಾಸಕ್ಕೂ ಮೂವತ್ತು ಶೇಕಡಾದ ವ್ಯತ್ಯಾಸಕ್ಕೂ ಕಾರಣಗಳು ಬೇರೆ ಬೇರೆ. ಅವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಹುಡುಕಿದರೆ ಹೊತ್ತು ಹಾಳು.

ಕೈಯಲ್ಲಿರಬೇಕಾದ ಅಂಕಿಗಳು

ನೀರಿನ ಸಾಂದ್ರತೆ ಅತಿ ಹೆಚ್ಚಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗ ಒಂದು ಲೀಟರ್ ನೀರಿನ ದ್ರವ್ಯರಾಶಿ 0.99997 ಕಿಲೋ, ಅಂದರೆ ವ್ಯವಹಾರಕ್ಕೆ ಒಂದು ಕಿಲೋ. 20 ಡಿಗ್ರಿಯಲ್ಲಿ ಅದು 0.9982, 30 ಡಿಗ್ರಿಯಲ್ಲಿ 0.9957, 35 ಡಿಗ್ರಿಯಲ್ಲಿ 0.9940 ಆಗುತ್ತದೆ. ಸೊನ್ನೆ ಡಿಗ್ರಿಯ ಗಟ್ಟಿ ಮಂಜುಗಡ್ಡೆಯ ಸಾಂದ್ರತೆ ಲೀಟರಿಗೆ 0.917 ಕಿಲೋ. ಆದ್ದರಿಂದ ಒಂದು ಕಿಲೋ ನೀರು ಹೆಪ್ಪುಗಟ್ಟಿದಾಗ 1.09 ಲೀಟರ್ ಜಾಗ ಹಿಡಿಯುತ್ತದೆ, ಒಂದು ಲೀಟರ್ ಗಟ್ಟಿ ಮಂಜುಗಡ್ಡೆ ಕರಗಿದಾಗ 0.917 ಲೀಟರ್ ತಣ್ಣೀರು ಸಿಗುತ್ತದೆ. ಹಿಗ್ಗುವಾಗ ಒಂಬತ್ತು ಶೇಕಡಾ, ಕುಗ್ಗುವಾಗ ಎಂಟೂಕಾಲು ಶೇಕಡಾ: ಎರಡು ಅಂಕಿಗಳು ಬೇರೆಯಾಗಿರುವುದಕ್ಕೆ ಕಾರಣ ಇಷ್ಟೇ, ಮೊದಲನೆಯದನ್ನು ನೀರಿನ ಗಾತ್ರಕ್ಕೆ ಹೋಲಿಸಿದೆ, ಎರಡನೆಯದನ್ನು ಮಂಜುಗಡ್ಡೆಯ ಗಾತ್ರಕ್ಕೆ. ಮಂಜುಗಡ್ಡೆ ಇನ್ನೂ ತಣ್ಣಗಾದಾಗ ಸಾಂದ್ರತೆ ಅತ್ಯಲ್ಪವಾಗಿ ಏರುತ್ತದೆ. ಮೈನಸ್ ಹತ್ತು ಡಿಗ್ರಿಯಲ್ಲಿಯೂ ಅದು 0.919ನ್ನು ದಾಟದ ಕಾರಣ ವ್ಯಾಪಾರದ ಲೆಕ್ಕದಲ್ಲಿ ಅದನ್ನು ಮರೆತುಬಿಡಬಹುದು.

ಲೀಟರಿಗೆ ಒಂದು ಕಿಲೋ ಎಂಬ ಹೊಂದಾಣಿಕೆ ಪ್ರಕೃತಿಯ ಆಕಸ್ಮಿಕವಲ್ಲ, ಮನುಷ್ಯರು ಬೇಕೆಂದೇ ಮಾಡಿಕೊಂಡ ಏರ್ಪಾಡು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಕಿಲೋಗ್ರಾಮನ್ನು ನೀರಿನಿಂದಲೇ ನಿಶ್ಚಯಿಸಿದರು; 1901ರಲ್ಲಿ ಲೀಟರನ್ನು ಒಂದು ಕಿಲೋಗ್ರಾಂ ನೀರು ಅತಿ ಹೆಚ್ಚಿನ ಸಾಂದ್ರತೆಯಲ್ಲಿ ಹಿಡಿಯುವ ಜಾಗ ಎಂದು ವಿವರಿಸಲಾಗಿತ್ತು; 1964ರಲ್ಲಿ ಆ ವಿವರಣೆಯನ್ನು ಕೈಬಿಟ್ಟು, ಹತ್ತು ಸೆಂಟಿಮೀಟರ್ ಬದಿಯ ಘನವೇ ಲೀಟರ್ ಎಂದು ಒಪ್ಪಿಕೊಳ್ಳಲಾಯಿತು. ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ 1956ರ ಕೊನೆಯಲ್ಲೇ ಮೆಟ್ರಿಕ್ ತೂಕ ಮತ್ತು ಅಳತೆಗಳ ಕಾಯಿದೆಯೂ ಬಂತು. ಅದಕ್ಕೆ ಮೊದಲು ಅಕ್ಕಿಯನ್ನು ಸೇರು, ಕಳಸಿಗೆ, ಮುಡಿಗಳಲ್ಲಿ ಅಳೆಯುತ್ತಿದ್ದ ಊರು ಇದು. ಪಾತ್ರೆ ತುಂಬಿದರೆ ತೂಕ ತಿಳಿದಂತೆಯೇ ಎಂಬ ಭಾವನೆ ಐಸಿನ ಪೆಟ್ಟಿಗೆಯ ಎದುರಿಗೂ ಇನ್ನೂ ಕೆಲಸ ಮಾಡುತ್ತದೆ.

ಮೊದಲ ಪರೀಕ್ಷೆ: ವ್ಯತ್ಯಾಸ ಯಾವುದರ ಜೊತೆ ಬೆಳೆಯುತ್ತದೆ?

ಒಂದೇ ಒಂದು ತೂಕವನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಸಣ್ಣ ಹೊರೆ, ದೊಡ್ಡ ಹೊರೆ ಎರಡನ್ನೂ ತೂಗಬೇಕು, ಮತ್ತು ಒಂದೇ ಹೊರೆಯನ್ನು ಎರಡು ಬೇರೆ ಹೊತ್ತಿನಲ್ಲಿ ತೂಗಬೇಕು. ಹೊರೆ ಎಷ್ಟೇ ಇರಲಿ ವ್ಯತ್ಯಾಸ ಅದೇ ಶೇಕಡಾವಾರಿನಲ್ಲಿ ನಿಂತಿದ್ದರೆ ತಪ್ಪು ಪರಿವರ್ತನೆಯ ಗುಣಕದಲ್ಲಿದೆ, ಅಥವಾ ಅಳೆದ ವಸ್ತು ನಾವು ಎಣಿಸಿದ ವಸ್ತುವಲ್ಲ. ಹೊರೆ ಸಣ್ಣದಾಗಲಿ ದೊಡ್ಡದಾಗಲಿ ವ್ಯತ್ಯಾಸ ಅಷ್ಟೇ ಕಿಲೋ ಇದ್ದರೆ, ಉದಾಹರಣೆಗೆ ಪ್ರತಿ ಸಲವೂ ಎರಡು ಕಿಲೋ ಹೆಚ್ಚು ಬಂದರೆ, ಖಾಲಿ ಪೆಟ್ಟಿಗೆಯ ತೂಕವನ್ನು ಕಳೆದಿಲ್ಲ, ಅಥವಾ ತಕ್ಕಡಿಯ ಸೊನ್ನೆ ಜಾರಿದೆ, ಅಥವಾ ಬ್ಲಾಕಿಗೆ ಸುತ್ತಿದ ಗೋಣಿ ನೀರು ಕುಡಿದು ಭಾರವಾಗಿದೆ. ಹೊತ್ತು ಕಳೆದಂತೆ ವ್ಯತ್ಯಾಸ ಹೆಚ್ಚುತ್ತಾ ಹೋದರೆ ಅದು ಕರಗುವಿಕೆ. ಅಲ್ಲಿ ಯಾವ ಗುಣಕವನ್ನು ತಿದ್ದಿದರೂ ಪ್ರಯೋಜನವಿಲ್ಲ.

ಈ ಮೂರರಲ್ಲಿ ಯಾವುದೆಂದು ಗೊತ್ತಾಗುವವರೆಗೆ ಮುಂದಿನ ಭಾಗಗಳಿಗೆ ಹೋಗುವುದು ಬೇಡ. ಬಹಳಷ್ಟು ಜಗಳಗಳು ಕರಗಿದ ಐಸಿನ ನಷ್ಟವನ್ನು 0.917ರ ತಲೆಗೆ ಕಟ್ಟಲು ಹೊರಟದ್ದರಿಂದಲೇ ಹುಟ್ಟುತ್ತವೆ.

ಅರ್ಧ ಶೇಕಡಾದ ಆಸುಪಾಸಿನಲ್ಲಿದ್ದರೆ

ಕಾರಣ ನೀರಿನ ಉಷ್ಣತೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ಕಾದ ಸಾವಿರ ಲೀಟರ್ ಟ್ಯಾಂಕಿನಲ್ಲಿ 35 ಡಿಗ್ರಿಯ ನೀರು ಇದ್ದರೆ ಅದರ ತೂಕ 994 ಕಿಲೋ. ಆರು ಕಿಲೋ ಎಲ್ಲಿಗೂ ಸೋರಿಲ್ಲ. ಬ್ಲಾಕಿನ ವ್ಯಾಪಾರದಲ್ಲಿ ಇದನ್ನು ತಿದ್ದುವ ಅಗತ್ಯ ಕಡಿಮೆ, ಏಕೆಂದರೆ ಟ್ಯಾಂಕಿನ ಮೇಲಿನ ಗೆರೆಯನ್ನು ಕಣ್ಣಿನಿಂದ ಓದುವಾಗಿನ ಏರುಪೇರೇ ಇದಕ್ಕಿಂತ ಹೆಚ್ಚು.

ಪ್ರಯೋಗಾಲಯದಲ್ಲಿ ಮಾತ್ರ ಇದು ದೊಡ್ಡ ವಿಷಯ. 100 ಮಿಲಿಲೀಟರ್ ಗುರುತಿನ ಫ್ಲಾಸ್ಕಿಗೆ 30 ಡಿಗ್ರಿಯ ಶುದ್ಧ ನೀರನ್ನು ಗುರುತಿನವರೆಗೆ ತುಂಬಿ ತೂಗಿದರೆ ತಕ್ಕಡಿ ಸುಮಾರು 99.46 ಗ್ರಾಂ ತೋರಿಸುತ್ತದೆ. ಸಾಂದ್ರತೆಯ ಪ್ರಕಾರ 99.57 ಬರಬೇಕಿತ್ತು, ಉಳಿದ 0.11 ಗ್ರಾಂ ಗಾಳಿಯ ತೇಲುಬಲದಿಂದ ಕಡಿಮೆಯಾದದ್ದು. ಫ್ಲಾಸ್ಕಿನ ಮೇಲೆ 20 ಅಥವಾ 27 ಡಿಗ್ರಿ ಎಂದು ಬರೆದಿರುತ್ತದೆ. ಗುರುತು ನಿಖರವಾಗಿರುವುದು ಆ ಉಷ್ಣತೆಗೆ. ವಿದ್ಯಾರ್ಥಿ 100.00 ಗ್ರಾಂ ಎಂದು ಬರೆದು ತಂದರೆ ಅಧ್ಯಾಪಕರು ಸಂಶಯಪಡಬೇಕೇ ಹೊರತು 99.46 ಎಂದು ಬರೆದು ತಂದಾಗ ಅಲ್ಲ.

ಒಂಬತ್ತರ ಸುತ್ತ, ಅಥವಾ ಅದರ ಎರಡರಷ್ಟಿದ್ದರೆ

"ನೀರು ಐಸ್ ಆದ್ರೆ ದೊಡ್ಡದಾಗ್ತದಲ್ಲ ಅಣ್ಣ, ಮತ್ತೆ ತೂಕ ಯಾಕೆ ಜಾಸ್ತಿ ಆಗುದಿಲ್ಲ?" ಎಂಬ ಪ್ರಶ್ನೆ ಹೊಸದಾಗಿ ಪ್ಲಾಂಟಿಗೆ ಸೇರಿದ ಹುಡುಗರಿಂದ ಬರುವಂಥದ್ದು, ಮತ್ತು ಅದು ಕೇಳಬೇಕಾದ ಪ್ರಶ್ನೆಯೇ. ಹೆಪ್ಪುಗಟ್ಟುವಾಗ ಒಂದು ಹನಿ ನೀರೂ ಹೊಸದಾಗಿ ಸೇರುವುದಿಲ್ಲ. ಅಣುಗಳು ದ್ರವದಲ್ಲಿದ್ದಾಗಿಗಿಂತ ಹೆಚ್ಚು ತೆರಪುಳ್ಳ ಜಾಲವಾಗಿ ಜೋಡಣೆಗೊಳ್ಳುವುದರಿಂದ ಅದೇ ದ್ರವ್ಯರಾಶಿ ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ನೀರಿನ ತೂಕದಿಂದ ಐಸಿನ ತೂಕಕ್ಕೆ ಹೋಗುವಾಗ ಯಾವ ಗುಣಕವೂ ಬೇಕಾಗಿಲ್ಲ. ಗುಣಕ ಬೇಕಾಗುವುದು ಗಾತ್ರದಿಂದ ತೂಕಕ್ಕೋ ತೂಕದಿಂದ ಗಾತ್ರಕ್ಕೋ ದಾಟುವಾಗ ಮಾತ್ರ, ಅದೂ ಒಂದೇ ಒಂದು ಸಲ.

ಈ ನಿಯಮ ತಪ್ಪಿದಾಗ ಕಾಣುವ ಲಕ್ಷಣಗಳನ್ನು 50 ಕಿಲೋ ಬ್ಲಾಕಿನ ಮೇಲೆ ನೋಡೋಣ. ಅದರ ಗಾತ್ರ 54.5 ಲೀಟರ್. ಬ್ಲಾಕಿನ ಗಾತ್ರವನ್ನು ಅಳೆದು ಲೀಟರಿಗೆ ಒಂದು ಕಿಲೋ ಎಂದು ಹಿಡಿದವರು 54.5 ಕಿಲೋ ನಿರೀಕ್ಷಿಸಿ, ನಾಲ್ಕೂವರೆ ಕಿಲೋ ಕಡಿಮೆ ಬಂತೆಂದು ದೂರುತ್ತಾರೆ. ಲೆಕ್ಕ ತೂಕಕ್ಕಿಂತ ಒಂಬತ್ತು ಶೇಕಡಾ ಹೆಚ್ಚು. ಡಬ್ಬಿಗೆ ಹೊಯ್ದ 50 ಲೀಟರ್ ನೀರನ್ನು 1.09ರಿಂದ ಗುಣಿಸಿ ಅದನ್ನೇ ಕಿಲೋ ಎಂದವರದ್ದೂ ಅದೇ ಒಂಬತ್ತು ಶೇಕಡಾ. ಅದೇ 50 ಲೀಟರನ್ನು 0.917ರಿಂದ ಗುಣಿಸಿದವರಿಗೆ 45.9 ಕಿಲೋ ಬರುತ್ತದೆ. ಅವರ ಬ್ಲಾಕು ಪ್ರತಿ ಸಲವೂ ಲೆಕ್ಕಕ್ಕಿಂತ ಭಾರವಾಗಿ ತೂಗುತ್ತದೆ. ಲೆಕ್ಕ ಕಡಿಮೆ, ತಕ್ಕಡಿ ಹೆಚ್ಚು ಎಂಬ ಈ ಲಕ್ಷಣ ಕಂಡಾಗ ಯಾರೂ ದೂರುವುದಿಲ್ಲವಾದ್ದರಿಂದ ಈ ತಪ್ಪು ಪುಸ್ತಕದಲ್ಲಿ ವರ್ಷಗಟ್ಟಲೆ ಉಳಿದುಕೊಳ್ಳಬಲ್ಲದು.

ವ್ಯತ್ಯಾಸ ಹತ್ತೊಂಬತ್ತು ಶೇಕಡಾದ ಬಳಿ ಇದ್ದರೆ ಗುಣಕವನ್ನು ತಿರುಗುಮುರುಗಾಗಿ ಬಳಸಲಾಗಿದೆ ಎಂದರ್ಥ. ಐಸಿನ 54.5 ಲೀಟರನ್ನು 0.917ರಿಂದ ಗುಣಿಸುವ ಬದಲು ಅದರಿಂದ ಭಾಗಿಸಿದರೆ 59.4 ಬರುತ್ತದೆ. ತೂಕದಿಂದ ಗಾತ್ರ ಕಂಡುಹಿಡಿಯುವಾಗ ಇದೇ ತಪ್ಪು ನಡೆದರೆ 54.5 ಲೀಟರ್ ಬರಬೇಕಾದಲ್ಲಿ 45.9 ಬಂದು, ಹದಿನಾರು ಶೇಕಡಾ ಚಿಕ್ಕ ಪೆಟ್ಟಿಗೆಯನ್ನು ಕೊಂಡು ತಂದಿರುತ್ತಾರೆ. ಇದನ್ನು ಹಿಡಿಯುವ ಸುಲಭ ದಾರಿ ಒಂದಿದೆ. ಉತ್ತರ ಬಂದ ಮೇಲೆ ಲೀಟರಿನ ಅಂಕಿಯನ್ನೂ ಕಿಲೋದ ಅಂಕಿಯನ್ನೂ ಎದುರುಬದುರು ಬರೆಯಬೇಕು. ಸಿಹಿನೀರಿನ ಐಸಿನಲ್ಲಿ ಲೀಟರಿನ ಅಂಕಿ ಯಾವಾಗಲೂ ಕಿಲೋದ ಅಂಕಿಗಿಂತ ದೊಡ್ಡದಾಗಿರಬೇಕು. ಹಾಗಿಲ್ಲದಿದ್ದರೆ ಗುಣಕ ತಲೆಕೆಳಗಾಗಿದೆ.

ಪಾತ್ರೆ ಒಡೆಯುವುದೂ ಇದೇ ದೋಷದ ಇನ್ನೊಂದು ಮುಖ. ಒಂದು ಲೀಟರ್ ಬಾಟಲಿಯಲ್ಲಿ ಐಸ್ ಮಾಡಿಕೊಳ್ಳುವವರು 900 ಮಿಲಿಲೀಟರಿಗಿಂತ ಹೆಚ್ಚು ತುಂಬಬಾರದು. ಅದು ಹೆಪ್ಪುಗಟ್ಟಿ 980 ಮಿಲಿಲೀಟರಿನಷ್ಟಾಗುತ್ತದೆ, ಮತ್ತು ಅಲ್ಲಿರುವ ಐಸ್ 900 ಗ್ರಾಮೇ ಹೊರತು ಒಂದು ಕಿಲೋ ಅಲ್ಲ. ಪ್ಲಾಂಟಿನ ಡಬ್ಬಿಯಲ್ಲಿಯೂ ನೀರಿನ ಎತ್ತರದ ಹತ್ತನೇ ಒಂದರಷ್ಟು ಜಾಗ ಮೇಲೆ ಬಿಟ್ಟಿರಬೇಕು, ಇಲ್ಲವಾದರೆ ಉಕ್ಕಿದ ನೀರು ಡಬ್ಬಿಯನ್ನು ತಣ್ಣಗಾಗಿಸುವ ಸುತ್ತಲಿನ ಉಪ್ಪುದ್ರಾವಣಕ್ಕೆ ಬಿದ್ದು ಬ್ಲಾಕಿನ ತೂಕವೂ ಹೋಯಿತು, ದ್ರಾವಣದ ಹದವೂ ಕೆಟ್ಟಿತು.

ಹದಿಮೂರು, ಇಪ್ಪತ್ಮೂರು ಎಂಬ ವಿಚಿತ್ರ ಅಂಕಿಗಳು ಬಂದರೆ

ಬ್ಲಾಕಿನ ಆಕಾರವನ್ನು ನೋಡಬೇಕು. ಐಸ್ ಡಬ್ಬಿಗಳು ಬಾಯಿಯ ಕಡೆ ಅಗಲ, ತಳದ ಕಡೆ ಕಿರಿದಾಗಿರುತ್ತವೆ. ಹಾಗಿಲ್ಲದಿದ್ದರೆ ಗಟ್ಟಿಯಾದ ಬ್ಲಾಕು ಜಾರಿ ಹೊರಬರುವುದಿಲ್ಲ. ಟೇಪು ಹಿಡಿದು ಅಳೆಯುವವರು ಸಾಮಾನ್ಯವಾಗಿ ಕಣ್ಣೆದುರಿಗೆ ಇರುವ ದೊಡ್ಡ ಮುಖವನ್ನೇ ಅಳೆದು ಉದ್ದದಿಂದ ಗುಣಿಸಿಬಿಡುತ್ತಾರೆ. ಒಂದು ಬ್ಲಾಕಿನ ಬಾಯಿ 38 ಮತ್ತು 19 ಸೆಂಟಿಮೀಟರ್, ತಳ 35 ಮತ್ತು 16 ಸೆಂಟಿಮೀಟರ್, ಉದ್ದ 90 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಬಾಯಿಯ ಅಳತೆಯಿಂದ ಹೋದರೆ ಗಾತ್ರ 65 ಲೀಟರ್, ಅಂದರೆ 59.6 ಕಿಲೋ. ನಡುಮಧ್ಯದ ಅಳತೆಯಾದ 36.5 ಮತ್ತು 17.5ರಿಂದ ಹೋದರೆ 57.5 ಲೀಟರ್, ಅಂದರೆ 52.7 ಕಿಲೋ, ಇದು ನಿಜಕ್ಕೆ ತೀರ ಹತ್ತಿರ. ಇಲ್ಲಿಯೇ ಹದಿಮೂರು ಶೇಕಡಾ ಹೋಯಿತು. ಬಾಯಿಯ ಅಳತೆಯನ್ನೂ ಬಳಸಿ, ಲೀಟರಿಗೆ ಒಂದು ಕಿಲೋ ಎಂದೂ ಹಿಡಿದರೆ 65 ಕಿಲೋ ಎಂಬ ಉತ್ತರ ಬಂದು, ವ್ಯತ್ಯಾಸ ಇಪ್ಪತ್ಮೂರು ಶೇಕಡಾ ಮುಟ್ಟುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಗುಣಿಸಿಕೊಂಡಾಗಲೇ ಇಂತಹ ಯಾವ ಪಟ್ಟಿಗೂ ಸೇರದ ಅಂಕಿಗಳು ಹುಟ್ಟುವುದು. ಆದ್ದರಿಂದ ಅಪರಿಚಿತ ಅಂಕಿಯೊಂದು ಕಂಡಾಗ ಲೆಕ್ಕಕ್ಕೂ ತೂಕಕ್ಕೂ ಇರುವ ಅನುಪಾತವನ್ನು (ಇಲ್ಲಿ 1.23) 1.09ರಿಂದ ಭಾಗಿಸಿ ಉಳಿದದ್ದು (ಇಲ್ಲಿ 1.13) ಏನೆಂದು ನೋಡುವ ಅಭ್ಯಾಸ ಒಳ್ಳೆಯದು.

ಬ್ಲಾಕನ್ನು ಡಬ್ಬಿಯಿಂದ ಬಿಡಿಸಲು ಡಬ್ಬಿಯನ್ನು ಕೊಂಚ ಹೊತ್ತು ಸಾದಾ ನೀರಿನಲ್ಲಿ ಅದ್ದುತ್ತಾರೆ. ಆಗ ಸುತ್ತಲಿನ ಒಂದು ಪದರ ಕರಗಿಯೇ ಹೋಗುತ್ತದೆ. ಡಬ್ಬಿಗೆ ಹೊಯ್ದ ನೀರಿನ ತೂಕ ಮಾರಾಟದ ತೂಕವಾಗಿ ಪೂರ್ತಿ ಮರಳಬೇಕೆಂದು ಯಾವ ಪ್ಲಾಂಟೂ ನಿರೀಕ್ಷಿಸಬಾರದು.

ಮೂವತ್ತು ಶೇಕಡಾ ಮತ್ತು ಅದಕ್ಕಿಂತ ಹೆಚ್ಚಿದ್ದರೆ

ನಮ್ಮ ಕರಾವಳಿಯ ಜಗಳಗಳಲ್ಲಿ ಹೆಚ್ಚಿನವು ಈ ಭಾಗಕ್ಕೆ ಸೇರಿದವು. ಇಲ್ಲಿ 0.917 ಸರಿಯಾಗಿಯೇ ಇದೆ, ಗುಣಿಸಿದ್ದೂ ಸರಿ. ಆದರೆ ಪೆಟ್ಟಿಗೆಯಲ್ಲಿರುವುದು ಗಟ್ಟಿ ಮಂಜುಗಡ್ಡೆಯಲ್ಲ, ಮಂಜುಗಡ್ಡೆ ಮತ್ತು ಗಾಳಿ ಬೆರೆತ ರಾಶಿ. ಲಾರಿಯಲ್ಲಿ ಬಂದ ಜಲ್ಲಿಕಲ್ಲಿನ ರಾಶಿಯನ್ನು ಇಡೀ ಬಂಡೆಯ ತೂಕದಿಂದ ಯಾರೂ ಲೆಕ್ಕ ಹಾಕುವುದಿಲ್ಲ. ಪುಡಿ ಐಸಿನ ವಿಚಾರದಲ್ಲಿ ಮಾತ್ರ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಬ್ಲಾಕನ್ನು ಕ್ರಷರಿನಲ್ಲಿ ಪುಡಿಮಾಡಿದ ಐಸಿಗೆ ಒಂದು ಟನ್ನಿಗೆ 1.4ರಿಂದ 1.5 ಘನ ಮೀಟರ್ ಜಾಗ ಬೇಕು. ಅಂದರೆ 100 ಲೀಟರ್ ಪೆಟ್ಟಿಗೆಯಲ್ಲಿ ಹಿಡಿಯುವುದು 67ರಿಂದ 71 ಕಿಲೋ. ಗಟ್ಟಿ ಐಸಿನ ಲೆಕ್ಕದವರು 91.7 ಕಿಲೋ ಎಂದು ಬರೆದಿರುತ್ತಾರೆ, ನಿಜಕ್ಕಿಂತ ಮೂರನೇ ಒಂದರಷ್ಟು ಹೆಚ್ಚು. ಪೆಟ್ಟಿಗೆ ನೂರು ಲೀಟರಾದ್ದರಿಂದ ನೂರು ಕಿಲೋ ಎಂದವರು ಇನ್ನೂ ದೂರ ಹೋಗಿರುತ್ತಾರೆ. ತೆಳುವಾದ ಹಕ್ಕಳೆಗಳಾಗಿ ಬರುವ ಫ್ಲೇಕ್ ಐಸಿಗೆ ಟನ್ನಿಗೆ 2.2ರಿಂದ 2.3 ಘನ ಮೀಟರ್ ಬೇಕಾಗುತ್ತದೆ. ಅದೇ ನೂರು ಲೀಟರ್ ಪೆಟ್ಟಿಗೆಯಲ್ಲಿ ಅದು 43ರಿಂದ 45 ಕಿಲೋ ಮಾತ್ರ. ಕೊಳವೆಯಾಕಾರದ ಟ್ಯೂಬ್ ಐಸ್ ಇವೆರಡರ ನಡುವೆ, ಟನ್ನಿಗೆ 1.6ರಿಂದ 2 ಘನ ಮೀಟರ್. ಹೀಗಾಗಿ ಪುಡಿ ಐಸಿನಿಂದ ಫ್ಲೇಕ್ ಐಸಿಗೆ ಬದಲಾಯಿಸಿದ ದೋಣಿಯವರು ಪೆಟ್ಟಿಗೆಗಳ ಸಂಖ್ಯೆಯನ್ನು ಮೊದಲಿನಂತೆಯೇ ಇಟ್ಟುಕೊಂಡರೆ ಐಸಿನ ತೂಕ ಮೂರನೇ ಒಂದರಷ್ಟು ಕಡಿಮೆಯಾಗಿರುತ್ತದೆ. ಬಂಗುಡೆ, ಬೂತಾಯಿಗಳಿಗೆ ನಮ್ಮ ಹವೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬ ವಾಡಿಕೆ ತೂಕಕ್ಕೆ ಸಂಬಂಧಿಸಿದ್ದೇ ಹೊರತು ಪೆಟ್ಟಿಗೆಗೆ ಪೆಟ್ಟಿಗೆ ಎಂದಲ್ಲ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ, 30 ಡಿಗ್ರಿಯ ಒಂದು ಕಿಲೋ ನೀರನ್ನು ಸೊನ್ನೆಗೆ ಇಳಿಸಲು ಸುಮಾರು 126 ಕಿಲೋಜೂಲ್ ತೆಗೆಯಬೇಕು. ಎರಡೂ ಕಡೆ ಲೆಕ್ಕವಿರುವುದು ಕಿಲೋಕ್ಕೆ. ಪೆಟ್ಟಿಗೆಯೊಳಗಿನ ಗಾಳಿ ಮೀನನ್ನು ತಣ್ಣಗಿಡುವುದಿಲ್ಲ.

ಈ ಭಾಗದಲ್ಲಿ ಮೋಸಗೊಳಿಸುವ ಒಂದು ಲಕ್ಷಣವಿದೆ. ಕೆಲವೊಮ್ಮೆ ಪುಡಿ ಐಸಿನ ನೂರು ಲೀಟರ್ ಪೆಟ್ಟಿಗೆ ನಿಜವಾಗಿಯೂ 92, 94 ಕಿಲೋ ತೂಗಿ, ಗಟ್ಟಿ ಐಸಿನ ಲೆಕ್ಕವೇ ಸರಿ ಎಂಬಂತೆ ತೋರುತ್ತದೆ. ಕೂಡಲೇ ಪೆಟ್ಟಿಗೆಯ ತಳದ ಬಿರಡೆಯನ್ನು ನೋಡಬೇಕು. ಬಿರಡೆ ಹಾಕಿದ್ದರೆ ಕರಗಿದ ನೀರೋ ಬೇಕೆಂದೇ ಹೊಯ್ದ ನೀರೋ ಚೂರುಗಳ ನಡುವಿನ ಸಂದಿಗಳಲ್ಲಿ ತುಂಬಿಕೊಂಡಿರುತ್ತದೆ. ರಾಶಿಯ ನಾಲ್ಕನೇ ಒಂದು ಭಾಗ ಸಂದಿಯೇ ಆಗಿರುವುದರಿಂದ ಅಲ್ಲಿ 25 ಲೀಟರ್ ನೀರು ಅಡಗಬಹುದು. 69 ಕಿಲೋ ಐಸಿಗೆ ಅದು ಸೇರಿದರೆ 94. ಬಿರಡೆ ತೆಗೆದು, ನೀರು ಪೂರ್ತಿ ಬಸಿದು ಹನಿ ನಿಂತ ಮೇಲೆ ಮತ್ತೆ ತೂಗಬೇಕು. ಎರಡು ತೂಕಗಳ ವ್ಯತ್ಯಾಸವೇ ಐಸಿನ ಬೆಲೆ ಕೊಟ್ಟು ಕೊಂಡ ನೀರು.

ತೇಲಿಸಿ ನೋಡುವ ಪರೀಕ್ಷೆ

ತಕ್ಕಡಿ ಇಲ್ಲದ ಕಡೆ, ಅಥವಾ ತಕ್ಕಡಿಯ ಮೇಲೆಯೇ ಸಂಶಯವಿರುವ ಕಡೆ, ಒಂದು ಡ್ರಮ್ಮು ಮತ್ತು ಲೀಟರ್ ಗುರುತಿರುವ ಬಕೆಟ್ಟು ಸಾಕು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ನಿಯಮವೇ ಇದರ ಆಧಾರ. ಡ್ರಮ್ಮಿನ ಬಾಯಿಯ ಬಳಿ ಒಂದು ಕೊಳವೆ ಇರಬೇಕು. ಅದರಿಂದ ನೀರು ಹರಿದು ಹನಿ ನಿಲ್ಲುವವರೆಗೆ ಸಿಹಿನೀರು ತುಂಬಿ, ಬಳಿಕ ಬಕೆಟ್ಟನ್ನು ಕೊಳವೆಯ ಕೆಳಗಿಟ್ಟು, ಐಸನ್ನು ಸದ್ದಿಲ್ಲದೆ ಇಳಿಬಿಡಬೇಕು. ಅದು ಡ್ರಮ್ಮಿನ ಬದಿಗೆ ಒರಗದೆ, ತಳ ಮುಟ್ಟದೆ ತೇಲುತ್ತಿರುವಾಗ ಹೊರಬಂದ ನೀರಿನ ಲೀಟರನ್ನು 0.996ರಿಂದ ಗುಣಿಸಿದರೆ ಐಸಿನ ಕಿಲೋ ಸಿಗುತ್ತದೆ. ಐಸ್ ಗಟ್ಟಿಯೇ, ಪುಡಿಯೇ, ಗುಳ್ಳೆ ತುಂಬಿದ್ದೇ ಎಂಬುದು ಇಲ್ಲಿ ಮುಖ್ಯವಲ್ಲ. ಇನ್ನೊಂದು ಅನುಕೂಲವೂ ಇದೆ: ತೇಲುವ ಐಸ್ ಕರಗಿದಾಗ ಹುಟ್ಟುವ ನೀರು ಅದು ಮೊದಲೇ ಸರಿಸಿದ್ದ ಜಾಗವನ್ನೇ ತುಂಬುವುದರಿಂದ, ಪರೀಕ್ಷೆಯ ನಡುವೆ ಸ್ವಲ್ಪ ಕರಗಿದರೂ ಉತ್ತರ ಕೆಡುವುದಿಲ್ಲ.

ಈಗ ತಂತಿಬಲೆಯ ತುಂಡಿನಿಂದ ಐಸನ್ನು ನೀರೊಳಗೆ ಪೂರ್ತಿ ಮುಳುಗುವಷ್ಟು ಮಾತ್ರ ಒತ್ತಬೇಕು. ಬೆರಳು ನೀರಿಗೆ ಇಳಿಯಬಾರದು. ಮತ್ತೆ ಹೊರಬಂದ ನೀರನ್ನೂ ಕೂಡಿಸಿದ ಒಟ್ಟು ಲೀಟರ್ ಐಸಿನ ಗಾತ್ರ. ಇದನ್ನು ಬೇಗ ಮುಗಿಸಬೇಕು, ಏಕೆಂದರೆ ಮುಳುಗಿದ ಐಸ್ ಕರಗಿದಷ್ಟೂ ಗಾತ್ರ ಕುಗ್ಗುತ್ತದೆ. ಮೊದಲ ಅಳತೆಯನ್ನು ಒಟ್ಟು ಅಳತೆಯಿಂದ ಭಾಗಿಸಿದಾಗ 30 ಡಿಗ್ರಿಯ ನೀರಿನಲ್ಲಿ 0.92 ಬಂದರೆ ಐಸ್ ಗಟ್ಟಿಯಾಗಿದೆ, ಸ್ವಚ್ಛವಾಗಿದೆ. ತೇಲುವಾಗ 4.6 ಲೀಟರ್, ಮುಳುಗಿದಾಗ ಒಟ್ಟು 5 ಲೀಟರ್ ಬಂದರೆ ಸರಿ, ಒಟ್ಟು 5.2 ಲೀಟರ್ ಬಂದರೆ ಅನುಪಾತ 0.885ಕ್ಕೆ ಇಳಿದು, ಒಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಂಡಿವೆ ಎಂದು ತಿಳಿಸುತ್ತದೆ. ಬ್ಲಾಕಿನ ನಡುವೆ ಹಾಲಿನಂತೆ ಬೆಳ್ಳಗೆ ಕಾಣುವ ಭಾಗದಿಂದ ಒಂದು ತುಂಡು, ಅಂಚಿನ ಪಾರದರ್ಶಕ ಭಾಗದಿಂದ ಒಂದು ತುಂಡು ತೆಗೆದು ಎರಡನ್ನೂ ಪರೀಕ್ಷಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಡೀ ಬ್ಲಾಕನ್ನು ಡ್ರಮ್ಮಿಗೆ ಇಳಿಸುವ ಸಾಹಸ ಬೇಡ.

ಎರಡು, ಮೂರು ಶೇಕಡಾ ಇದ್ದು ಉಷ್ಣತೆಯಿಂದ ವಿವರಿಸಲಾಗದಿದ್ದರೆ

ನೀರಿನಲ್ಲಿ ಉಪ್ಪು ಇದೆಯೇ ಎಂದು ನೋಡಬೇಕು. ತೆರೆದ ಸಮುದ್ರದ ನೀರು 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 1.02 ಕಿಲೋ ತೂಗುತ್ತದೆ. ತೇಲಿಸುವ ಪರೀಕ್ಷೆಯನ್ನು ದೋಣಿಯಲ್ಲಿ ಸಮುದ್ರದ ನೀರಿನಿಂದಲೇ ಮಾಡಿದವರು 0.996ರ ಬದಲು 1.02ನ್ನು ಬಳಸಬೇಕು. ಸಮುದ್ರದ ನೀರಿನಲ್ಲಿ ತೇಲುವ ಹತ್ತು ಕಿಲೋ ಐಸ್ 9.8 ಲೀಟರನ್ನು ಮಾತ್ರ ಸರಿಸುತ್ತದೆ, ಕರಗಿದ ಮೇಲೆ ಹತ್ತು ಲೀಟರ್ ಸಿಹಿನೀರಾಗುತ್ತದೆ. ಹಾಗಾಗಿ ಮೇಲೆ ಹೇಳಿದ ಕರಗಿದರೂ ಕೆಡದ ಗುಣ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ, ಮಟ್ಟ ತುಸು ಏರುತ್ತದೆ. ಮಳೆಗಾಲದಲ್ಲಿ ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಯ ಬಳಿ ತೆಗೆದ ನೀರು ಸಿಹಿಗೂ ಉಪ್ಪಿಗೂ ನಡುವೆ ಎಲ್ಲಿಯಾದರೂ ಇರಬಹುದಾದ್ದರಿಂದ 1.02 ಎಂದೂ ನಂಬದೆ, ಒಂದು ಲೀಟರನ್ನು ತೂಗಿಯೇ ಮುಂದುವರಿಯಬೇಕು. ಗುಡ್ಡದ ಬದಿಯ ಊರುಗಳಲ್ಲಿ ಸುರಂಗದಿಂದ, ಅಂದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಬಾವಿಯಿಂದ, ಬರುವ ನೀರಿಗೆ ಈ ತೊಡಕಿಲ್ಲ. ಸಿಹಿನೀರಿನ ಅಂಕಿಗಳನ್ನೇ ಅದಕ್ಕೆ ಬಳಸಬಹುದು.

ಕಡಲಂಚಿನ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ಉಪ್ಪಿನಂಶ ಏರುವುದುಂಟು. ಅಂತಹ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಮುಂದೆ ಮುಂದೆ ತಳ್ಳುತ್ತಾ ಹೋಗುತ್ತದೆ. ಡಬ್ಬಿಯಲ್ಲಿ ಐಸ್ ಗೋಡೆಯಿಂದ ಒಳಕ್ಕೆ ಬೆಳೆಯುವುದರಿಂದ ಉಪ್ಪು ಕೊನೆಗೆ ನಡುವಿನ ಭಾಗದಲ್ಲಿ ಸೇರುತ್ತದೆ. ಆ ನಡುಭಾಗ ಮೆತ್ತಗೆ ಒದ್ದೆಯಾಗಿಯೇ ಉಳಿದು, ಬ್ಲಾಕನ್ನು ಅಡ್ಡ ಮಲಗಿಸಿದೊಡನೆ ಸೋರಿಹೋಗುತ್ತದೆ. ಪ್ಲಾಂಟಿನಲ್ಲಿ ಸರಿಯಾಗಿದ್ದ ತೂಕ ಬಂದರಿನಲ್ಲಿ ಕಡಿಮೆಯಾಗಿ, ಬ್ಲಾಕಿನ ನಡುವೆ ತೂತೊಂದು ಕಾಣಿಸಿದರೆ ಕಾರಣ ಇದೇ. ನೀರನ್ನು ಬದಲಾಯಿಸುವುದು, ಅಥವಾ ಹೆಪ್ಪುಗಟ್ಟುವ ಮುನ್ನ ನಡುಭಾಗದ ನೀರನ್ನು ಹೀರಿ ತೆಗೆದು ಹೊಸ ನೀರು ಹೊಯ್ಯುವುದು ಇದರ ಪರಿಹಾರ.

ಹೊತ್ತಿನ ಜೊತೆ ಬೆಳೆಯುವ ನಷ್ಟ

ಇದಕ್ಕೆ ಪರಿವರ್ತನೆಯ ಗುಣಕವಿಲ್ಲ, ಗಡಿಯಾರ ಬೇಕು. ಒಂದು ಬ್ಲಾಕು ಬೆಳಿಗ್ಗೆ ಆರಕ್ಕೆ 50 ಕಿಲೋ, ಎಂಟಕ್ಕೆ 47 ಕಿಲೋ ತೂಗಿದರೆ ಆ ಹೊತ್ತಿನ, ಆ ನೆರಳಿನ, ಆ ಹೊದಿಕೆಯ ಮಟ್ಟಿಗೆ ನಷ್ಟ ಗಂಟೆಗೆ ಒಂದೂವರೆ ಕಿಲೋ. ಅದೇ ಅಂಕಿಯನ್ನು ಮಧ್ಯಾಹ್ನಕ್ಕೆ ಅನ್ವಯಿಸಬಾರದು, ಪುಡಿ ಐಸಿಗಂತೂ ಅನ್ವಯಿಸಲೇಬಾರದು, ಏಕೆಂದರೆ ಪುಡಿಯಾದಾಗ ಗಾಳಿಗೂ ಮೀನಿಗೂ ತೆರೆದುಕೊಳ್ಳುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಕರಗಿದ ನೀರನ್ನು ಹಿಡಿದು ಅಳೆದು ನಷ್ಟವನ್ನು ಲೆಕ್ಕಹಾಕುವ ಕ್ರಮ ಖಾಲಿ ಪೆಟ್ಟಿಗೆಯಲ್ಲಿ ಮಾತ್ರ ನಂಬಲರ್ಹ. ಮೀನು ಇರುವ ಪೆಟ್ಟಿಗೆಯಲ್ಲಿ ಬಸಿಯುವ ನೀರಿನ ಜೊತೆ ಮೀನಿನ ಲೋಳೆ, ರಕ್ತ, ಅದಕ್ಕೆ ಅಂಟಿ ಬಂದ ಸಮುದ್ರದ ನೀರು ಎಲ್ಲವೂ ಇರುತ್ತವೆ.

ರಸೀದಿಯಲ್ಲಿ ತೂಕದ ಪಕ್ಕದಲ್ಲಿ ಹೊತ್ತನ್ನೂ, ಐಸ್ ಬ್ಲಾಕೋ ಪುಡಿಯೋ ಫ್ಲೇಕೋ ಎಂಬುದನ್ನೂ, ನೀರು ಬಸಿದ ಮೇಲಿನ ತೂಕವೋ ಮೊದಲಿನದೋ ಎಂಬುದನ್ನೂ ಬರೆದರೆ ಕೊಟ್ಟವರಿಗೂ ಕೊಂಡವರಿಗೂ ಲೆಕ್ಕ ತಾಳೆ ನೋಡುವುದು ಸಾಧ್ಯವಾಗುತ್ತದೆ. ಬರೀ "10 ಪೆಟ್ಟಿಗೆ" ಎಂದು ಬರೆದ ರಸೀದಿಯಿಂದ ಯಾವ ದೋಷವನ್ನೂ ಪತ್ತೆಹಚ್ಚಲಾಗುವುದಿಲ್ಲ.

ಕೊನೆಯಲ್ಲಿ ತಕ್ಕಡಿ

ಮೇಲಿನ ಯಾವುದೂ ಹೊಂದದಿದ್ದಾಗ ತಕ್ಕಡಿಗೆ ಬರಬೇಕು. ಲೀಗಲ್ ಮೆಟ್ರಾಲಜಿ ಇಲಾಖೆಯ ಮುದ್ರೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಮೊದಲು ನೋಡಿ, ಬಳಿಕ ವೇದಿಕೆಯನ್ನು ತೊಳೆದು ಒರೆಸಿ ಸೊನ್ನೆ ಮಾಡಬೇಕು. ವೇದಿಕೆಯ ಅಡಿಯಲ್ಲಿ ಸಿಲುಕಿದ ಐಸಿನ ಚೂರು, ಮರದ ಹುಡಿ ಇಲ್ಲಿ ಸಾಮಾನ್ಯ. ಮುದ್ರೆಯಿರುವ 20 ಕಿಲೋ ಬಟ್ಟನ್ನು ವೇದಿಕೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು ಓದಿಕೊಳ್ಳಬೇಕು. ಐದೂ ಅಂಕಿಗಳು ಒಂದೇ ಆಗಿದ್ದು 20ಕ್ಕಿಂತ ಬೇರೆಯಾಗಿದ್ದರೆ ತಕ್ಕಡಿಯ ಹೊಂದಾಣಿಕೆ ತಪ್ಪಿದೆ. ಮೂಲೆಯಿಂದ ಮೂಲೆಗೆ ಅಂಕಿ ಬದಲಾಗುತ್ತಿದ್ದರೆ ವೇದಿಕೆ ಸಮತಟ್ಟಾಗಿಲ್ಲ ಅಥವಾ ಅಡಿಯಲ್ಲಿ ತೂಕವನ್ನು ಗ್ರಹಿಸುವ ಸೆಲ್ಲಿಗೆ ಉಪ್ಪುನೀರು ತಾಗಿದೆ. ಬಟ್ಟು ಸಿಗದಿದ್ದರೆ ನೀರಿನ ಕ್ಯಾನನ್ನು ಬಟ್ಟಿನಂತೆ ಬಳಸುವವರಿದ್ದಾರೆ. ಕ್ಯಾನಿನ ಮೇಲೆ 20 ಲೀಟರ್ ಎಂದು ಬರೆದಿದ್ದರೂ ಅದು ಎಲ್ಲಿಯವರೆಗೆ ತುಂಬಿದಾಗ ಎಂಬುದು ತಿಳಿಯದೆ, ಖಾಲಿ ಕ್ಯಾನಿನ ತೂಕವನ್ನು ಕಳೆಯದೆ ಹಾಗೆ ಮಾಡಿದರೆ, ತಕ್ಕಡಿಯ ತಪ್ಪನ್ನು ಹುಡುಕಲು ಹೋಗಿ ಮತ್ತೆ ಲೀಟರ್ ಮತ್ತು ಕಿಲೋಗಳ ನಡುವಿನ ಅದೇ ಸಂದಿಗೆ ಬಂದು ನಿಂತಂತಾಗುತ್ತದೆ. ಗುರುತಿನ ಪಾತ್ರೆಯಿಂದ ಅಳೆದು ಹೊಯ್ದ 20 ಲೀಟರ್ ನೀರು, 30 ಡಿಗ್ರಿಯಲ್ಲಿ, ಖಾಲಿ ಕ್ಯಾನಿನ ತೂಕ ಕಳೆದ ಮೇಲೆ 19.9 ಕಿಲೋ ತೋರಿಸಿದರೆ ತಕ್ಕಡಿ ಸರಿಯಾಗಿದೆ.